ಮೌನಳ ಖಾಲಿ ತಟ್ಟೆ

ಮಧ್ಯಾಹ್ನದ ಊಟದ ಗದ್ದಲ ಮುಗಿದು ನಾನು ನಮ್ಮ ಹೋಟೆಲಿನ ಗಲ್ಲೆಯ ಹಿಂದೆ ಕಾಲು ಚಾಚುವ ಹೊತ್ತು. ಮೇಲಿನ ಮಹಡಿಯ ಮೆಟ್ಟಿಲು ದಡದಡ ಸದ್ದು ಮಾಡಿತು. ಎಲ್ಲಿಯೋ ಬೆಂಕಿ ಬಿತ್ತು ಎಂದುಕೊಂಡು ಎದ್ದು ನಿಂತೆ. ಬರಿಗಾಲಿನಲ್ಲಿ ಓಡಿ ಇಳಿದು ಬಂದವಳು ಮೌನ. ಕೈಯಲ್ಲಿ ಫೋನು ಬಿಟ್ಟರೆ ಬೇರೇನೂ ಇರಲಿಲ್ಲ. ಬ್ಯಾಗಿಲ್ಲ, ಚಪ್ಪಲಿಯಿಲ್ಲ, ಮುಖದಲ್ಲಿ ರಕ್ತವೇ ಇಲ್ಲ.

"ಸರಸಕ್ಕ, ಕ್ರೋಂಪೇಟೆ ಆಸ್ಪತ್ರೆಗೋಗ್ಬೇಕು. ನಮ್ ಸಣ್ಣಮ್ಮನ್ನ ನಾನೇ ಸಾಯಿಸ್ಬುಟ್ಟೆ ಕಣಕ್ಕ."

ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಗಲ್ಲೆಯ ಕೀಲಿಯನ್ನು ನನ್ನ ಗಂಡನ ಕಡೆ ಎಸೆದೆ. ಅಡುಗೆಮನೆಯ ಬಾಗಿಲಲ್ಲಿದ್ದ ನನ್ನ ಹಳೆಯ ಚಪ್ಪಲಿಯನ್ನು ಅವಳ ಕಾಲಿಗೆ ಹಾಕಿಸಿದೆ. "ಬಾ, ಹೋಪ" ಎಂದು ಕೈ ಹಿಡಿದು ನುಂಗಂಬಾಕ್ಕಂ ಸ್ಟೇಷನ್ನಿನ ಕಡೆ ಎಳೆದುಕೊಂಡು ಹೊರಟೆ. ಆ ಕೈ ಐಸ್ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಈ ತಮಿಳು ಊರಿಗೆ ಬಂದಾಗಿನಿಂದ ನಮ್ಮ ಹೋಟೆಲಿನ ಗಲ್ಲೆ ನನ್ನ ಸುಪರ್ದಿನಲ್ಲಿದೆ. ನನ್ನ ಬಾಯಿ ಸ್ವಲ್ಪ ಜೋರು. ಗಿರಾಕಿಗಳಿಗೆ ಗೊತ್ತು, ಗಂಡನಿಗೆ ಇನ್ನೂ ಚೆನ್ನಾಗಿ ಗೊತ್ತು. ಮೌನ ನನಗೆ ಪೂರ್ತಿ ತದ್ವಿರುದ್ಧ. ನಮ್ಮ ಮೇಲಿನ ಮಹಡಿಯಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದಿದೆ, ಅದರಲ್ಲಿ ಇಂಜಿನಿಯರು. ವರ್ಷಗಟ್ಟಲೆ ಮೂಲೆಯ ಟೇಬಲ್ಲಿನಲ್ಲಿ ಊಟ ಮಾಡಿದ್ದಾಳೆ. ಬಡಿಸಿದ್ದನ್ನು ತಿಂದು, ತಲೆಯಾಡಿಸಿ, ಹೋಗುತ್ತಾಳೆ. ಊಟ ಚೆನ್ನಾಗಿದೆ ಎಂದೇ ನಾನು ತಿಳಿದುಕೊಂಡಿದ್ದೆ.

ಅವಳು ಕೃಷ್ಣರಾಜಪೇಟೆ ಹತ್ತಿರದ ಹಳ್ಳಿಯವಳು. ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿ ಹುಚ್ಚಮ್ಮ ತಲೆಕೆಳಗು ಮಾಡಿ ಬೆನ್ನಿಗೆ ಬಡಿದ ಮೇಲೂ ಒಂದು ಸಲ ಕುಂಯ್ ಎಂದು ಸುಮ್ಮನಾಯಿತಂತೆ. ಆ ಹೆರಿಗೆಯಲ್ಲೇ ತಾಯಿ ತೀರಿಕೊಂಡಳು. ಕೂಸನ್ನು ಎತ್ತಿಕೊಂಡವಳು ಸಣ್ಣಮ್ಮ, ಎಂದರೆ ತಾಯಿಯ ತಂಗಿ. ಮೌನ ಎಂದು ಹೆಸರಿಟ್ಟವಳೂ ಅವಳೇ, ಸಾಕಿದವಳೂ ಅವಳೇ. ಮೌನ ಕರೆದದ್ದನ್ನು ಕೇಳಿ ಕೇಳಿ ಊರಿನವರೂ ಅವಳನ್ನು ಸಣ್ಣಮ್ಮ ಎಂದೇ ಕರೆದರು. ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು.

ಹೆಸರಿಗೆ ತಕ್ಕ ಹಾಗೆಯೇ ಹುಡುಗಿ ಬೆಳೆಯಿತು. ಹನುಮಂತಯ್ಯ ಮೇಷ್ಟ್ರು ಪಾಠ ಮುಗಿಸಿ "ಅರ್ಥವಾಯಿತಾ" ಎಂದು ಕೇಳುತ್ತಿದ್ದರಂತೆ. ಇವಳು ಸುಮ್ಮನಿದ್ದರೆ ಅರ್ಥವಾಯಿತು ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದರಂತೆ. ಆಮೇಲೆ ಪ್ರಮೋದ್ ಹೆಣ್ಣು ನೋಡಲು ಬಂದಾಗಲೂ ಅದೇ ಕಥೆ. ಹುಡುಗ ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ಇವಳು ನೆಲ ನೋಡಿದಳು. ಪುರೋಹಿತರು "ಮೌನಂ ಸಮ್ಮತಿ ಲಕ್ಷಣಂ, ಹೆಸರೇ ಮೌನ ಅಂದ ಮೇಲೆ ಇನ್ನೇನು" ಎಂದು ನಕ್ಕು ಲಗ್ನ ಕಟ್ಟಿಯೇಬಿಟ್ಟರು. ಪ್ರಮೋದ್ ಒಳ್ಳೆಯವನು, ಅದು ಇವಳ ಅದೃಷ್ಟ. ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರು. ಆದರೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂದರೆ ಹೂಂ ಎಂದು ಅರ್ಥ ಎನ್ನುವ ಈ ಮಾತನ್ನು ಮೊದಲು ಆಡಿದವನು ಯಾರೋ ಗಂಡಸೇ ಇರಬೇಕು. ಹೆಂಗಸಾಗಿದ್ದರೆ ಇನ್ನೊಂದು ಸಲ ಕೇಳು ಎನ್ನುತ್ತಿದ್ದಳು.

ಮೌನಳಿಗೆ ಮಾತು ಬರುವುದಿಲ್ಲ ಎಂದಲ್ಲ, ಹೆದರಿಕೆಗೆ ಬಾಯಿ ಕಟ್ಟುತ್ತದೆ. ಚಿಕ್ಕವಳಿದ್ದಾಗ ಸಣ್ಣಮ್ಮನಿಗೆ ಕೈಯಲ್ಲಿ ಕುರುವಾಗಿ ಪೇಟೆಯ ಡಾಕ್ಟರ ಹತ್ತಿರ ಹೋಗಿದ್ದರಂತೆ. ಪೆನಿಸಿಲಿನ್ ಕೊಡುವ ಮುಂಚೆ ಪರೀಕ್ಷೆಗೆಂದು ಚರ್ಮದ ಕೆಳಗೆ ಒಂದು ಹನಿ ಹಾಕಿ ಡಾಕ್ಟರು ಹೊರಗೆ ಹೋದರು. ಆ ಒಂದು ಹನಿಗೇ ಸಣ್ಣಮ್ಮನ ತುಟಿ ಊದಿತು, ಮುಖ ನೀಲಿಗಟ್ಟಿತು, ಬೆಂಚಿನಿಂದ ಕೆಳಗೆ ಜಾರಿದಳು. ಮೌನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಡಾಕ್ಟರು ಆಚೆ ಜಗುಲಿಯಲ್ಲೇ ಯಾರೊಡನೆಯೋ ಹರಟುತ್ತಿದ್ದರು, ಒಂದು ಕೂಗಿಗೆ ಓಡಿ ಬರುವಷ್ಟು ಹತ್ತಿರ. ಇವಳಿಗೆ ಕೂಗು ಹೊರಡಲಿಲ್ಲ. ಹತ್ತಿ ತರಲು ಒಳಗೆ ಬಂದ ಕಾಂಪೌಂಡರು ಕಂಡದ್ದರಿಂದ ಸಣ್ಣಮ್ಮ ಬದುಕಿದಳು. ಇನ್ನೊಂದು ಸಲ ಈ ಔಷಧಿ ಮೈಗೆ ಹೋದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು. ಆ ಮಾತು ಮೌನಳ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತು.

ಈಗ ಅವಳ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ನನಗೆ ಅರ್ಥವಾದದ್ದನ್ನು ನಮ್ಮ ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ. ಕಂಪ್ಯೂಟರಿನ ಪರದೆಯಲ್ಲಿ ನರ್ಸ್ ನೋಡುವ ಪುಟಕ್ಕೆ ತನ್ನದೆನ್ನುವ ಜ್ಞಾನ ಏನೂ ಇಲ್ಲ. ಅದು ಟೇಬಲ್ಲಿನಲ್ಲಿ ಕೂತ ಗಿರಾಕಿ. 'ರೋಗಿ, ಅಲರ್ಜಿ' ಎಂದು ಆರ್ಡರು ಕೂಗುತ್ತದೆ, ಅಷ್ಟೇ. ಈ ರೋಗಿಗೆ ಯಾವ ಔಷಧಿ ಆಗುವುದಿಲ್ಲ, ತಂದುಕೊಡಿ ಎಂದು ಅದರ ಅರ್ಥ. ಒಳಗೆ ಸಪ್ಲೈಯರುಗಳ ಒಂದು ಸಾಲು ನಿಂತಿರುತ್ತದೆ. ಅವರಿಗೆ ರಿಸಾಲ್ವರ್ ಎನ್ನುತ್ತಾರಂತೆ. ಮೊದಲನೆಯವನು ನನಗೆ ಗೊತ್ತಿಲ್ಲ ಎಂದರೆ ಎರಡನೆಯವನು, ಅವನಿಗೂ ಗೊತ್ತಿಲ್ಲದಿದ್ದರೆ ಮೂರನೆಯವನು. ಯಾರಿಗೂ ಗೊತ್ತಿಲ್ಲದಿದ್ದರೆ ಇಡೀ ಹೋಟೆಲೇ ಬೊಬ್ಬೆ ಹಾಕುತ್ತದೆ. ಪರದೆಯೆಲ್ಲ ಕೆಂಪಾಗಿ ಇಂಗ್ಲಿಷಿನಲ್ಲಿ ಉದ್ದುದ್ದ ಬೈಗುಳ ಬರುತ್ತದೆ.

ಈ ಬೊಬ್ಬೆ ಆಸ್ಪತ್ರೆಯವರಿಗೆ ಸಾಕಾಗಿ ಹೋಗಿತ್ತು. ಎಲ್ಲೋ ಒಂದು ಹೆಸರು ತಪ್ಪಿದರೂ ಪುಟವೆಲ್ಲ ಕೆಂಪು. ನರ್ಸ್‌ಗಳು ಫೋನು ಮಾಡಿ ಮ್ಯಾನೇಜರ್ ಶ್ರೀನಾಥನ ಜನ್ಮ ಜಾಲಾಡುತ್ತಿದ್ದರು. ಅವನು ಇದಕ್ಕೊಂದು ದಾರಿ ಮಾಡು ಎಂದು ಮೌನಳಿಗೆ ಹೇಳಿದ. ಆ ಸಾಲಿನಲ್ಲಿ ನಮ್ಮದೇ ಆಳನ್ನು ನಿಲ್ಲಿಸುವುದಕ್ಕೆ ಅವಕಾಶವಿದೆಯಂತೆ. ಮೌನ ತನ್ನ ಆಳನ್ನು ನಿಲ್ಲಿಸಿದಳು. ಉಳಿದವರೆಲ್ಲ ಕೈಚೆಲ್ಲಿ ಬೊಬ್ಬೆ ಹಾಕುವ ಮೊದಲೇ ಇವನು ಅವರ ಬಾಯಿ ಮುಚ್ಚಿಸಿ, ಗಿರಾಕಿಯ ಮುಂದೆ ಒಂದು ಖಾಲಿ ತಟ್ಟೆ ತಂದಿಡುತ್ತಾನೆ. ಜಗಳವಿಲ್ಲ, ಕೆಂಪಿಲ್ಲ. ಗೊತ್ತಿಲ್ಲದ ಜಾಗ ಬರಿದಾಗಿ ಕಾಣುತ್ತದೆ, ಉಳಿದ ಪುಟ ಚೆನ್ನಾಗಿಯೇ ಇರುತ್ತದೆ. ಆಫೀಸಿನಲ್ಲಿ ಅದಕ್ಕೆ 'ಮೌನ ರಿಸಾಲ್ವರ್' ಎಂದೇ ಹೆಸರಾಯಿತು. ಆ ದಿನ ಮೇಲಿನವರೆಲ್ಲ ನಮ್ಮಲ್ಲಿಂದ ಕಾಶಿ ಹಲ್ವ ತರಿಸಿಕೊಂಡು ತಿಂದರು. ಮೌನ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಬದುಕಿನಲ್ಲಿ ಒಂದು ಸಲ ಅವಳ ಸ್ವಭಾವವನ್ನು ಯಾರಾದರೂ ಹೊಗಳಿದ್ದರೆ ಅದು ಅಂದೇ.

ಸಣ್ಣಮ್ಮ ಊರಿನಿಂದ ಬಂದು ಕ್ರೋಂಪೇಟೆಯಲ್ಲಿ ಇವರ ಮನೆಯಲ್ಲಿದ್ದಳು. ಮೌನಳ ಮಗಳು ಪ್ರಣಮ್ಯಾಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಕೊಡುತ್ತಾಳೆ. ಸಣ್ಣಮ್ಮನಿಗೆ ತಮಿಳು ಒಂದಕ್ಷರ ಬಾರದು. ಅಜ್ಜಿ ಮೊಮ್ಮಗಳು ಹೇಗೋ ಕೈಸನ್ನೆಯಲ್ಲಿ ಸಂಸಾರ ನಡೆಸಿದ್ದರು. ಹಿಂದಿನ ವಾರ ಬೀದಿಯಲ್ಲಿ ತುಕ್ಕು ಹಿಡಿದ ತಗಡು ತುಳಿದು ಸಣ್ಣಮ್ಮನ ಕಾಲು ಊದಿಕೊಂಡಿತು. ಜ್ವರವೂ ಬಂತು. ಹತ್ತಿರದಲ್ಲೇ ಒಂದು ಆಸ್ಪತ್ರೆಯಿದೆ, ಅಲ್ಲಿರುವುದು ಇವಳದೇ ಕಂಪನಿಯ ಸಾಫ್ಟ್‌ವೇರು. ಆ ಧೈರ್ಯಕ್ಕೇ ಅಲ್ಲಿಗೆ ಸೇರಿಸಿದಳು. ಸೇರಿಸುವಾಗ ಪೆನಿಸಿಲಿನ್ ವಿಷಯವನ್ನು ಎದುರಿಗೇ ಕಂಪ್ಯೂಟರಿನಲ್ಲಿ ಹಾಕಿಸಿದಳು. ಪರದೆಯಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದು ಕೆಂಪು ಪಟ್ಟಿ ಮೂಡಿದ್ದನ್ನು ಕಣ್ಣಾರೆ ಕಂಡಳು. ಮಾರನೆಯ ಬೆಳಿಗ್ಗೆ ಆಫೀಸಿಗೆ ಹೊರಡುವಾಗ, ಭಾಷೆ ಬಾರದೆ ಗಾಬರಿಯಾಗಿದ್ದ ಸಣ್ಣಮ್ಮನ ತಲೆ ಸವರಿ ಒಂದು ಮಾತು ಹೇಳಿ ಬಂದಳು. ಏನು ಹೇಳಿದಳೆಂದು ನನಗೆ ಆಮೇಲೆ ತಿಳಿಯಿತು.

ಅದೇ ದಿನ ಮಧ್ಯಾಹ್ನ ನಮ್ಮಲ್ಲಿ ಉಂಡು ಮೇಲೆ ಹೋದವಳು, ಡಾಕ್ಟರು ಬಂದು ಹೋದರೋ ಇಲ್ಲವೋ ನೋಡೋಣವೆಂದು ಆಫೀಸಿನಿಂದಲೇ ಸಣ್ಣಮ್ಮನ ಪುಟ ತೆರೆದಳಂತೆ. ಕೆಂಪು ಪಟ್ಟಿ ಇರಬೇಕಾದಲ್ಲಿ ಹಸಿರು ಪಟ್ಟಿ ಇತ್ತು. 'ಅಲರ್ಜಿ ಇಲ್ಲ.' ಅದರ ಕೆಳಗೆ ಡಾಕ್ಟರು ಆಗಷ್ಟೇ ಬರೆದ ಔಷಧಿ. ಪೆನಿಸಿಲಿನ್ ಜಾತಿಯದೇ, ರಕ್ತನಾಳಕ್ಕೆ ಕೊಡುವುದು.

ಮೊದಲು ತಾನು ಬೇರೆ ಯಾರದೋ ಪುಟ ತೆರೆದಿದ್ದೇನೆ ಎಂದುಕೊಂಡಳಂತೆ. ಇನ್ನೊಬ್ಬ ರೋಗಿಯ ಪುಟ ತೆಗೆದಳು. ಹಸಿರು. ಮತ್ತೊಂದು. ಹಸಿರು. ಆಸ್ಪತ್ರೆಯಲ್ಲಿದ್ದ ಒಬ್ಬರಿಗೂ ಅಲರ್ಜಿ ಇಲ್ಲ. ಆಗ ಅವಳಿಗೆ ಹೊಳೆಯಿತು. ಜೊತೆಯ ಹುಡುಗ ಚರಣ್ ಹಿಂದಿನ ರಾತ್ರಿ ಹೊಸ ಬದಲಾವಣೆ ಹಾಕಿದ್ದ. ಒಬ್ಬ ರೋಗಿಗೆ ಹಲವು ಅಲರ್ಜಿ ಇರಬಹುದಲ್ಲ, ಅದಕ್ಕೆ ಒಳಗಿನ ಹೆಸರನ್ನು 'ಅಲರ್ಜಿ' ಎನ್ನುವುದರಿಂದ 'ಅಲರ್ಜಿಗಳು' ಎಂದು ಬದಲಿಸಿದ್ದ. ನರ್ಸ್ ನೋಡುವ ಪುಟದಲ್ಲಿ ಬದಲಿಸಲು ಮರೆತಿದ್ದ. ಪುಟ ಎಂದಿನಂತೆ 'ಅಲರ್ಜಿ' ಎಂದು ಕೂಗಿತು. ಆ ಹೆಸರಿನದು ಒಳಗೆ ಈಗ ಏನೂ ಇಲ್ಲ. ಹಿಂದಿನ ಕಾಲವಾಗಿದ್ದರೆ ಆಸ್ಪತ್ರೆಯೆಲ್ಲ ಕೆಂಪಾಗಿ ಬೊಬ್ಬೆಯಾಗುತ್ತಿತ್ತು, ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಈಗ ಮೌನಳ ಆಳು ಎಲ್ಲರ ಬಾಯಿ ಮುಚ್ಚಿಸಿ ಖಾಲಿ ತಟ್ಟೆ ತಂದಿಟ್ಟ. ತಟ್ಟೆ ಖಾಲಿ ಇದೆ ಎಂದರೆ ಅಲರ್ಜಿ ಇಲ್ಲ ಎಂದು ಪುಟ ತಿಳಿದುಕೊಂಡಿತು, ಹಸಿರು ಪಟ್ಟಿ ತೋರಿಸಿತು. ಚರಣ್ ಪರೀಕ್ಷೆ ಮಾಡಿದಾಗಲೂ ಎಲ್ಲವೂ ಹಸಿರಾಗಿ ಚೆಂದವಾಗಿಯೇ ಕಂಡಿತ್ತು.

ಅವಳು ವಾರ್ಡಿಗೆ ಫೋನು ಮಾಡಿದಳು. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಕೌಂಟರಿನ ಫೋನು ಬರೀ ಎಂಗೇಜು. ಸಣ್ಣಮ್ಮನ ಫೋನು ಆಫ್ ಆಗಿತ್ತು. ಚಾರ್ಜು ಖರ್ಚಾಗುತ್ತದೆಂದು ಅವಳು ಅದನ್ನು ಆರಿಸಿಯೇ ಇಡುತ್ತಾಳೆ. ಪ್ರಮೋದ್ ಸ್ಥಾವರದ ಒಳಗಿದ್ದ, ಅಲ್ಲಿಗೆ ಫೋನು ಒಯ್ಯುವಂತಿಲ್ಲ. ಅವಳು ಶ್ರೀನಾಥನ ಬಳಿಗೆ ಹೋಗಿ ನಡೆದದ್ದನ್ನು ಹೇಳಿದಳು. ಅವನ ಮುಖವೂ ಸಪ್ಪಗಾಯಿತಂತೆ. ಆದರೆ ಹಗಲು ಹೊತ್ತಿನಲ್ಲಿ ಏನನ್ನೂ ಮುಟ್ಟಕೂಡದು ಎಂದು ಆಸ್ಪತ್ರೆಯೊಡನೆ ಕರಾರಿದೆ, ಮೇಲಿನವರನ್ನು ಕೇಳುತ್ತೇನೆ, ನೀನು ಮೊದಲು ನಿನ್ನ ಸಣ್ಣಮ್ಮನದನ್ನು ನೋಡಿಕೋ ಎಂದ. ಫೋನು ಹಿಡಿದು ಇನ್ನೊಂದು ಕೋಣೆಗೆ ಹೋದ. ಎಂದಿನ ಮೌನ ಆಗಿದ್ದರೆ ಅಲ್ಲೇ ನಿಂತು ನೆಲ ನೋಡುತ್ತಿದ್ದಳು. ಅಂದು ಅವಳು ತನ್ನ ಜಾಗಕ್ಕೆ ಬಂದು ಕೂತು, ಆ ಸಾಲಿನಿಂದ ತನ್ನ ಆಳನ್ನು ಕಿತ್ತು ಹಾಕಿದಳು. ಎಲ್ಲವನ್ನೂ ಮತ್ತೆ ಶುರು ಮಾಡಿಸಿದಳು. ಆಸ್ಪತ್ರೆಯ ಪುಟಗಳೆಲ್ಲ ಒಂದೊಂದಾಗಿ ಕೆಂಪಾಗುವುದನ್ನು ನೋಡಿ, ಯಾರಿಗೂ ಹೇಳದೆ ಮೆಟ್ಟಿಲಿಳಿದು ಓಡಿ ಬಂದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ರೈಲಿನಲ್ಲಿ, ತುಂಡು ತುಂಡಾಗಿ. ಮಧ್ಯೆ ಮಧ್ಯೆ ವಾರ್ಡಿಗೆ ಫೋನು ಹಚ್ಚುತ್ತಿದ್ದಳು. ಗಂಟೆಯ ಸದ್ದು ನನಗೂ ಕೇಳುತ್ತಿತ್ತು. ಕೋಡಂಬಾಕ್ಕಂ ಹೋಯಿತು, ಮಾಂಬಲಂ ಹೋಯಿತು. ಎದುರಿಗೆ ಮಲ್ಲಿಗೆ ಕಟ್ಟುತ್ತ ಕೂತಿದ್ದ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ಸೈದಾಪೇಟೆ ದಾಟಿ ಗಿಂಡಿಗೆ ಮುಂಚೆ ರೈಲು ಸುಮ್ಮನೆ ನಿಂತುಬಿಟ್ಟಿತು. ಯಾಕೆ ನಿಂತಿತು ಎಂದು ಕೇಳಲು ರೈಲಿನವರು ಒಬ್ಬರೂ ಇಲ್ಲ. ಆನೆಗುಡ್ಡೆ ಗಣಪತಿಗೆ ಒಂದು ಪಂಚಕಜ್ಜಾಯ ಹೇಳಿಕೊಂಡೆ. ರೈಲು ಅಲುಗಾಡಲಿಲ್ಲ. ಇನ್ನೊಂದು ಹೇಳಿಕೊಂಡೆ. ಸುಳ್ಳು ಯಾಕೆ ಹೇಳಲಿ, ನಡುನಡುವೆ ರೈಲಿನವರಿಗೆ ಬೈಯುತ್ತಲೂ ಇದ್ದೆ.

ಪರದೆ ಕೆಂಪಾಯಿತಲ್ಲ, ಇನ್ನು ನರ್ಸ್ ಬಾಯಿಬಿಟ್ಟು ಕೇಳಿಯೇ ಕೇಳುತ್ತಾಳೆ, ಸಣ್ಣಮ್ಮ ಹೇಳುತ್ತಾಳೆ, ಹೆದರಬೇಡ ಎಂದೆ. ಪೆನಿಸಿಲಿನ್ ಎನ್ನುವ ಶಬ್ದಕ್ಕೆ ತಮಿಳು ಬೇಕಾಗಿಲ್ಲವಲ್ಲ ಎಂದೂ ಸೇರಿಸಿದೆ. ಮೌನ ನನ್ನ ಕಡೆ ತಿರುಗಿದಳು. ಆ ಕಣ್ಣುಗಳನ್ನು ನಾನು ಮರೆಯುವುದಿಲ್ಲ.

"ಯೋಳಾಕಿಲ್ಲ ಕಣಕ್ಕ. ಏನೂ ಯೋಳ್ಬೇಡ ಅಂತ ನಾನೇ ಯೋಳ್ಬಂದಿವ್ನಿ."

ಬೆಳಿಗ್ಗೆ ಸಣ್ಣಮ್ಮನ ತಲೆ ಸವರಿ ಹೇಳಿ ಬಂದ ಮಾತು ಅದು. ಯಾರು ಏನು ಕೇಳಿದರೂ ನೀನು ಗಾಬರಿಯಾಗಬೇಡ, ಏನೂ ಹೇಳಬೇಡ, ಸುಮ್ಮನಿರು. ಎಲ್ಲ ಕಂಪ್ಯೂಟರಿನಲ್ಲಿದೆ. ಅದನ್ನು ಮಾಡಿದವಳೇ ನಾನು.

ಅವಳ ಕೈಯಿಂದ ಫೋನು ತೆಗೆದುಕೊಂಡು ಪಲ್ಲಾವರಂ ದಾಟುವವರೆಗೂ ನಾನೇ ವಾರ್ಡಿಗೆ ಹಚ್ಚುತ್ತ ಕೂತೆ. ರೈಲು ಯಾವಾಗ ಹೊರಟಿತೆಂಬುದೂ ನನಗೆ ನೆನಪಿಲ್ಲ.

ಕ್ರೋಂಪೇಟೆಯಲ್ಲಿ ಇಳಿದವರೇ ಸಿಕ್ಕಿದ ಆಟೋ ಹತ್ತಿದೆವು. ಆಸ್ಪತ್ರೆಯ ಬಾಗಿಲಲ್ಲೇ ಗಲಾಟೆ. ಕೌಂಟರಿನ ಹುಡುಗಿಯರು ಪರದೆಗೆ ಬೈಯುತ್ತಿದ್ದರು. ಅವರ ಮುಂದಿನ ಕಂಪ್ಯೂಟರುಗಳೆಲ್ಲ ಕೆಂಪು. ಹೆಂಗಸರ ವಾರ್ಡಿಗೆ ಮೆಟ್ಟಿಲು ಹತ್ತಿದೆವು. ಉದ್ದನೆಯ ಕೋಣೆ, ಎರಡೂ ಕಡೆ ಹಾಸಿಗೆಗಳು. ಕಡೆಯ ಹಾಸಿಗೆಯ ಸುತ್ತ ಹಸಿರು ಬಟ್ಟೆಯ ಪರದೆ ಎಳೆದಿತ್ತು. ಅದು ಸಣ್ಣಮ್ಮನದು ಎಂದು ಮೌನ ಬೆರಳು ತೋರಿಸಿದಳು, ಬಾಯಿಂದ ಹೇಳಲಿಲ್ಲ. ಪರದೆಯ ಕೆಳಗಿನಿಂದ ಏನೂ ಕಾಣುವುದಿಲ್ಲ, ಒಳಗಿನಿಂದ ಒಂದು ಸದ್ದಿಲ್ಲ. ಸತ್ತವರ ಸುತ್ತ ಹಾಗೆ ಪರದೆ ಎಳೆಯುವುದನ್ನು ನಾನು ನೋಡಿದ್ದೇನೆ.

ಮೌನ ವಾರ್ಡಿನ ಹೊಸ್ತಿಲಲ್ಲೇ ನಿಂತುಬಿಟ್ಟಳು. ನಾನು ಕೈ ಹಿಡಿದು ಎಳೆದೆ, ಬರಲಿಲ್ಲ. ಕಾಲು ನೆಲಕ್ಕೆ ಬೇರು ಬಿಟ್ಟ ಹಾಗಿತ್ತು. ತುಟಿ ಅಲುಗುತ್ತಿತ್ತು, ದನಿಯಿಲ್ಲ. ಅವಳ ಮನಸ್ಸು ಆ ಪೇಟೆಯ ಡಾಕ್ಟರ ಹೊಸ್ತಿಲಿಗೆ ಹೋಗಿಬಿಟ್ಟಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಅಷ್ಟರಲ್ಲಿ ನಮ್ಮ ಹಿಂದಿನಿಂದ ಒಬ್ಬಳು ನರ್ಸ್ ಬಿರುಸಾಗಿ ಬಂದಳು. ಒಂದು ಕೈಯಲ್ಲಿ ತಟ್ಟೆ, ಅದರಲ್ಲಿ ತುಂಬಿಟ್ಟ ಸಿರಿಂಜು. ಇನ್ನೊಂದು ಕೈಯಲ್ಲಿ ಡಾಕ್ಟರು ರುಜು ಹಾಕಿದ ಚೀಟಿ. ನಮ್ಮನ್ನು ಸರಿಸಿ ನೇರ ಕಡೆಯ ಹಾಸಿಗೆಗೆ ಹೋಗಿ ಪರದೆಯನ್ನು ಪಕ್ಕಕ್ಕೆ ಎಳೆದಳು. ಸಣ್ಣಮ್ಮ ದಿಂಬಿಗೊರಗಿ ಕೂತಿದ್ದಳು, ಜೀವಂತ. ಕೈಯಲ್ಲಿ ಸೂಜಿ ಸಿಕ್ಕಿಸಿತ್ತು. ನರ್ಸ್ ಆ ಕೈಯನ್ನು ಎತ್ತಿಕೊಂಡು ಸಿರಿಂಜನ್ನು ಸೂಜಿಯ ಬಾಯಿಗೆ ತಂದಳು.

"ಬ್ಯಾಡಾ!"

ಆ ಕೂಗು ನನ್ನ ಪಕ್ಕದಿಂದ ಬಂತೆಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. ವಾರ್ಡಿನ ಹಾಸಿಗೆಗಳೆಲ್ಲ ಎದ್ದು ಕೂತವು. ಹೊರಗೆ ಕಾರಿಡಾರಿನಲ್ಲಿ ಯಾರದೋ ಕೈಯಿಂದ ಸ್ಟೀಲಿನ ಲೋಟ ಬಿತ್ತು. ಹುಟ್ಟುವಾಗ ಅಳದೆ ಉಳಿಸಿಟ್ಟುಕೊಂಡದ್ದನ್ನೆಲ್ಲ ಅವಳು ಆ ಒಂದು ಕೂಗಿಗೆ ಸುರಿದಿದ್ದಳು. ನರ್ಸ್‌ಗೆ ಕನ್ನಡ ಬಾರದು, ಆದರೂ ಕೈ ಹಾಗೇ ನಿಂತಿತು. ಮೌನ ಓಡಿ ಹೋಗಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕುಡುಕ್ಕಾದೀಂಗ. ಇವಂಗಳುಕ್ಕು ಪೆನಿಸಿಲಿನ್ ಆಗಾದು" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಕೊಡಬೇಡಿ, ಇವರಿಗೆ ಆಗದು. ನಮ್ಮ 'ಆಗದು' ಅವರಲ್ಲಿ 'ಆಗಾದು', ಒಂದು ದೀರ್ಘದ ವ್ಯತ್ಯಾಸ. ಸಣ್ಣಮ್ಮ ಕನ್ನಡದಲ್ಲೇ ಹೇಳಿದ್ದರೂ ನರ್ಸ್‌ಗೆ ತಿಳಿಯುತ್ತಿತ್ತು.

ನರ್ಸ್ ಕೆಟ್ಟವಳಲ್ಲ. ಸಿರಿಂಜನ್ನು ತಟ್ಟೆಗೆ ಹಾಕಿ ನಡೆದದ್ದನ್ನು ಹೇಳಿದಳು. ಔಷಧಿ ತುಂಬಿಸಿಕೊಂಡು ಬಂದು, ಹಾಸಿಗೆಯ ಸುತ್ತ ಪರದೆ ಎಳೆದು, ಕಂಪ್ಯೂಟರಿನಲ್ಲಿ ಗುರುತು ಹಾಕಲು ಹೋದರೆ ಪರದೆ ಕೆಂಪಾಗಿತ್ತಂತೆ. ಹಾಳು ಕಂಪನಿ ಎಂದು ಬೈದು, ಚೀಟಿಗೆ ಡಾಕ್ಟರ ರುಜು ತರಲು ಕೆಳಗೆ ಹೋದಳಂತೆ. ತಾನು ಬೈದ ಕಂಪನಿಯವಳೇ ಎದುರಿಗೆ ನಿಂತಿದ್ದಾಳೆಂದು ಅವಳಿಗೇನು ಗೊತ್ತು. ರೋಗಿಯನ್ನು ಕೇಳಲಿಲ್ಲವೇ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

"ಕೇಟ್ಟೇನ್ ಮಾ. ಅಲರ್ಜಿ ಇರುಕ್ಕಾ ಪಾಟ್ಟಿನ್ನು ಕೇಟ್ಟೇನ್. ಪಾಟ್ಟಿ ಒಣ್ಣುಮೇ ಸೊಲ್ಲಲೆ. ಅಪ್ಪೋ ಇಲ್ಲೇನ್ನು ತಾನೇ ಅರ್ಥಂ?"

ಕೇಳಿದೆ, ಅಜ್ಜಿ ಏನೂ ಹೇಳಲಿಲ್ಲ, ಹಾಗಾದರೆ ಇಲ್ಲ ಎಂದು ತಾನೇ ಅರ್ಥ. ಮೌನ ಅದನ್ನು ಕೇಳಿ ಹಾಸಿಗೆಯ ಅಂಚಿನಲ್ಲಿ ಕೂತಳು. ಪರದೆಯನ್ನು ಕೆಂಪು ಮಾಡಿ ಬಂದದ್ದರಿಂದ ಸಿಕ್ಕಿದ್ದು ಒಂದು ರುಜು ಹಾಕಿಸುವಷ್ಟು ಹೊತ್ತು ಮಾತ್ರ. ಗಿಂಡಿಯ ಹತ್ತಿರ ರೈಲು ಇನ್ನೊಂದು ಚೂರು ನಿಂತಿದ್ದರೆ ಎಂದು ನಾನು ಯೋಚಿಸಲು ಹೊರಟು ಅರ್ಧಕ್ಕೆ ಬಿಟ್ಟೆ.

ಸಣ್ಣಮ್ಮನಿಗೆ ನಮ್ಮ ಗಾಬರಿ ಅರ್ಥವೇ ಆಗಿರಲಿಲ್ಲ. ಮೌನಳ ತಲೆ ಸವರಿ, ಪಾಠ ಒಪ್ಪಿಸುವ ಮಗುವಿನ ಹೆಮ್ಮೆಯಲ್ಲಿ ಹೇಳಿದಳು.

"ಯಾಕವ್ವ ಅಂಗೆ ಕಿರುಚ್ತೀಯ? ಆಯಮ್ಮ ಏನೇನೋ ಕೇಳ್ತು. ನೀನೇಳಿದ್ಯಲ್ಲ, ಏನೂ ಯೋಳ್ಬೇಡ ಅಂತ. ನಾನು ಬಾಯೇ ಬಿಡ್ನಿಲ್ಲ."

ಮೌನ ಅಳಲಿಲ್ಲ. ಸಣ್ಣಮ್ಮನ ಸೂಜಿಯಿಲ್ಲದ ಕೈಯನ್ನು ಹಿಡಿದುಕೊಂಡು ಕೂತಳು. ಆಮೇಲೆ ಎದ್ದು, ನನ್ನನ್ನು ಅಲ್ಲಿ ಕಾವಲಿಗೆ ಕೂರಿಸಿ, ಒಂದೊಂದೇ ವಾರ್ಡಿಗೆ ಹೋದಳು. ಬೆಳಿಗ್ಗೆಯಿಂದ ಕಂಡ ಹಸಿರು ಪಟ್ಟಿಯನ್ನು ನಂಬಬೇಡಿ, ರೋಗಿಯನ್ನೇ ಕೇಳಿ, ಉತ್ತರ ಬರುವವರೆಗೆ ಕೇಳಿ ಎಂದು ಪ್ರತಿಯೊಬ್ಬ ನರ್ಸ್‌ಗೂ ಹೇಳಿ ಬಂದಳು. ಗಂಡಸರ ವಾರ್ಡಿನಲ್ಲಿ ಒಬ್ಬನಿಗೆ ಬೆಳಿಗ್ಗೆಯ ಮಾತ್ರೆಯಿಂದ ಮುಖ ಊದಿಕೊಂಡಿತ್ತು. ಪುಣ್ಯಕ್ಕೆ ಡಾಕ್ಟರು ಬೇಗ ನೋಡಿದ್ದರಿಂದ ಇಳಿಯಿತು. ಅವನು ಮನೆಗೆ ಹೋಗುವವರೆಗೂ ಮೌನ ದಿನಾ ಹೋಗಿ ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದಳು. ಇವಳ್ಯಾರೋ ಆಸ್ಪತ್ರೆಯವಳು ಎಂದುಕೊಂಡು ಅವನು ಕೈ ಮುಗಿಯುತ್ತಿದ್ದನಂತೆ. ಅದನ್ನು ಹೇಳುವಾಗ ಮಾತ್ರ ಅವಳು ಅತ್ತಳು.

ಕೆಲಸ ಹೋಗುತ್ತದೆ ಎಂದು ನಾವೆಲ್ಲ ಎಣಿಸಿದ್ದೆವು. ಶ್ರೀನಾಥ ಕೂಗಾಡಿದ, ಮೇಲಿನವರು ಕೂಗಾಡಿದರು. ಆ ಕೂಗಾಟ ನಮ್ಮ ಹೋಟೆಲಿಗೂ ಕೇಳಿಸಿತು. ಕೊನೆಗೆ ಕೆಲಸ ಹೇಗೋ ಉಳಿಯಿತು. ಮೌನ ತನ್ನ ಆಳನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿದ್ದಾಳೆ, ಆದರೆ ಅವನಿಗೆ ಈಗ ಬಾಯಿ ಕೊಟ್ಟಿದ್ದಾಳೆ. ಗೊತ್ತಿಲ್ಲದಿದ್ದರೆ ಖಾಲಿ ತಟ್ಟೆ ತರುವಂತಿಲ್ಲ. ಪರದೆಯಲ್ಲಿ ಹಳದಿ ಪಟ್ಟಿ ಬರುತ್ತದೆ. 'ತೆರಿಯಾದು, ಕೇಳುಂಗ.' ಗೊತ್ತಿಲ್ಲ, ಕೇಳಿ.

ಅದಾದ ವಾರವೇ ಮೂಲೆಯ ಟೇಬಲ್ಲಿನಿಂದ ಎದ್ದು ಬಂದು, ಸಾರಿಗೆ ಉಪ್ಪು ಜಾಸ್ತಿ ಎಂದಳು. ಅಷ್ಟೇ ಅಲ್ಲ, ಬಹಳ ದಿನದಿಂದ ಜಾಸ್ತಿ ಎಂದಳು. ನನ್ನ ಗಂಡ ನನ್ನ ಮುಖ ನೋಡಿದರು. ನಾನು ಅಡುಗೆಯವನ ಮುಖ ನೋಡಿದೆ.

ಸಣ್ಣಮ್ಮ ಗುಣವಾಗಿ ಊರಿಗೆ ಹೊರಡುವ ಮುಂಚೆ ಮೌನ ಅವಳನ್ನು ನಮ್ಮಲ್ಲಿಗೆ ಊಟಕ್ಕೆ ಕರೆತಂದಳು. ಅಷ್ಟರಲ್ಲಿ ಸಣ್ಣಮ್ಮ ಒಂದೇ ಒಂದು ತಮಿಳು ವಾಕ್ಯ ಕಲಿತಿದ್ದಳು. ಆಟೋದವನಿಗೆ ಹೇಳಿದಳಂತೆ, ಹೂವಿನವಳಿಗೆ ಹೇಳಿದಳಂತೆ. ನಮ್ಮ ಸಪ್ಲೈಯರ್ ಕಾಫಿ ತಂದಿಟ್ಟ ಕೂಡಲೇ ಅವನಿಗೂ ಹೇಳಿದಳು.

"ಎನಕ್ಕು ಪೆನಿಸಿಲಿನ್ ಆಗಾದು."

ಹೋಟೆಲಿಗೆ ಹೋಟೆಲೇ ನಕ್ಕಿತು, ನಾನೂ ನಕ್ಕೆ. ಸಪ್ಲೈಯರ್ ತಬ್ಬಿಬ್ಬಾಗಿ ಸುಮ್ಮನೆ ನಿಂತ. ಮೌನ ಒಬ್ಬಳೇ ನಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಕೇಳಿಸಿತಾ ಎಂದು ಕೇಳಿದಳು. ಅವನು ಬಾಯಿಬಿಟ್ಟು ಹೂಂ ಎನ್ನುವವರೆಗೂ ಸಣ್ಣಮ್ಮನಿಗೆ ಆ ಕಾಫಿ ಕುಡಿಯಲು ಬಿಡಲಿಲ್ಲ.